ಸಹಾಯ ಬೇಕು: ಪೋಷಕರಿಗೆ ವರ್ಷದ ಗುರಿಗಳ ಪತ್ರ ಬರೆಯುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ನಾನು ಎರಡನೇ ತರಗತಿಗೆ ಪಾಠ ಮಾಡುತ್ತೇನೆ. ಶಾಲೆಯ ಈ ವರ್ಷದ ಗುರಿ, ಕಲಿಸುವ ರೀತಿ, ಮನೆಯವರಿಂದ ಬೇಕಾದ ನೆರವು, ಎಲ್ಲವನ್ನೂ ಒಂದೇ ಪುಟದಲ್ಲಿ ಬರೆದು ಪೋಷಕರಿಗೆ ಕೊಡುವ ಕೆಲಸ ನನ್ನ ಪಾಲಿಗೆ ಬಂದಿದೆ.

'ಓದು ಸುಧಾರಿಸಬೇಕು' ಅಂತ ಸುಮ್ನೆ ಬರೆಯದೆ, 'ಹೊಸ ಪುಟವನ್ನು ತಡವರಿಸದೆ ಓದಿ, ಅದರಲ್ಲಿ ಏನಿದೆ ಅಂತ ತನ್ನ ಮಾತಲ್ಲಿ ಹೇಳಬೇಕು' ಎಂದು ಬರೆದಿದ್ದೇನೆ. ತೊಡಕಿರುವುದು ಗಣಿತದಲ್ಲಿ. ನಾವು ಮೊದಲು ಕಡ್ಡಿ, ಮಣಿ ಕೊಡುತ್ತೇವೆ. ಆಮೇಲೆ ಚಿತ್ರ. ಅಂಕಿ ಕೊನೆಗೆ. 34 ಅಂದರೆ ಹತ್ತರ ಮೂರು ಕಟ್ಟು, ನಾಲ್ಕು ಬಿಡಿ ಕಡ್ಡಿ. ಅದರಲ್ಲಿ 8 ಕಳೆಯಲು ಒಂದು ಕಟ್ಟು ಬಿಚ್ಚಬೇಕು ಅಂತ ಮಗುವಿಗೇ ಹೊಳೆಯುತ್ತದೆ. ಪೋಷಕರು ಮಾತ್ರ 'ಮಗ್ಗಿ ಯಾವಾಗ ಬಾಯಿಪಾಠ ಮಾಡಿಸ್ತೀರಿ?' ಅಂತಲೇ ಕೇಳುತ್ತಾರೆ. ಮಗ್ಗಿಯೂ ಬೇಕು, ತಕರಾರಿಲ್ಲ. ಉಪದೇಶದ ಹಾಗೆ ಕಾಣದಂತೆ ಇದನ್ನು ಎರಡು ಸಾಲಲ್ಲಿ ಹೇಗೆ ಹೇಳಲಿ?

ಇನ್ನೊಂದು, ವಂತಿಗೆ. ಸಾಮಾನಿಗೆ ದುಡ್ಡು ಬೇಕು ನಿಜ. ಆದರೆ ಕೊಡಲಾಗದವರಿಗೆ ಮುಜುಗರ ಆಗಬಾರದು ಅಲ್ವಾ? ಹಣದ ಬದಲು ತರಗತಿಗೆ ಬಂದು ಕಥೆ ಹೇಳಬಹುದು, ಹರಿದ ಪುಸ್ತಕ ಅಂಟಿಸಿಕೊಡಬಹುದು ಎಂದೂ ಸೇರಿಸಿದ್ದೇನೆ. (ಕೊಟ್ಟವರ ಹೆಸರನ್ನು ಬೋರ್ಡಿಗೆ ಹಾಕೋಣ ಎಂಬ ಸಲಹೆ ನನಗಂತೂ ಇಷ್ಟವಿಲ್ಲ.) ಇಂಥ ಪತ್ರ ಬರೆದವರಿದ್ದರೆ ಈ ಭಾಗದ ಒಕ್ಕಣೆ ಕಳಿಸಿ, ಪ್ಲೀಸ್. ಪೋಷಕರ ಸಭೆಗೆ ಮುಂಚೆ ಸಿಕ್ಕರೆ ಒಳ್ಳೆಯದು.