ರಾತ್ರಿ ಸಿಗುವ ಮುಕ್ಕಾಲು ಗಂಟೆಯಲ್ಲಿ ನೀವು ಏನು ಆಡ್ತೀರಿ?

ಕೇಳಿದ್ದು

ಮಗುವಿಗೆ ಈಗ ಏಳು ತಿಂಗಳು. ನಾನು ಕೆಲಸಕ್ಕೆ ಮರಳಿ ಎರಡು ತಿಂಗಳಾಯಿತು. ರಾತ್ರಿ ಮಗು ಮಲಗಿದ ಮೇಲೆ ಮುಕ್ಕಾಲು ಗಂಟೆ ನನ್ನದು ಅಂತ ಸಿಗುತ್ತದೆ, ಅದೂ ವಾರಕ್ಕೆ ನಾಲ್ಕು ದಿನ. ಹಿಂದೆ ರಜೆ ಬಂದರೆ ಇಡೀ ದಿನ ಎಲ್ಡನ್ ರಿಂಗ್ ಆಡುತ್ತಿದ್ದವಳು ನಾನು. 2024ರ ಜೂನ್‌ನಲ್ಲಿ ಬಂದ ಅದರ ಹೆಚ್ಚುವರಿ ಭಾಗ, ಶ್ಯಾಡೋ ಆಫ್ ದಿ ಎರ್ಡ್‌ಟ್ರೀ, ಅರ್ಧಕ್ಕೆ ನಿಂತಿದೆ. ಕಳೆದ ವಾರ ಮತ್ತೆ ತೆರೆದೆ. ಏಟು ತಪ್ಪಿಸಿಕೊಳ್ಳೋಕೆ ಯಾವ ಬಟನ್ ಅನ್ನೋದೂ ಕೈಗೆ ನೆನಪಿರಲಿಲ್ಲ. ಅಷ್ಟರಲ್ಲಿ ಮಗು ಅತ್ತಿತು. ಆ ಆಟಕ್ಕೆ ಪಾಜ್ ಇಲ್ಲ ಅಲ್ವಾ. ಕಂಟ್ರೋಲರ್ ಸೋಫಾ ಮೇಲೆ ಹಾಕಿ ಓಡಿದೆ. ಬಂದು ನೋಡಿದರೆ ಸತ್ತು ಹೋಗಿದ್ದೆ.

ಕ್ಲೇರ್ ಆಬ್‌ಸ್ಕ್ಯೂರ್: ಎಕ್ಸ್‌ಪೆಡಿಶನ್ 33 ಕೂಡ ಇನ್‌ಸ್ಟಾಲ್ ಆಗಿ ಕೂತಿದೆ. ಶುರುವಿನ ಭಾಗ ಆಡಿ ಕಣ್ಣೀರು ಬಂದಿತ್ತು, ಆಮೇಲೆ ಮುಟ್ಟಿಲ್ಲ. ದೊಡ್ಡ ಆಟ ಎತ್ತಿಕೊಳ್ಳೋಕೆ ಧೈರ್ಯ ಬರುವುದಿಲ್ಲ. ಹಾಗಾಗಿ ಆ ಮುಕ್ಕಾಲು ಗಂಟೆ ಫೋನ್‌ನಲ್ಲಿ ವಿಡಿಯೋ ಸರಿಸುತ್ತಾ ಕಳೆದು ಹೋಗುತ್ತದೆ. ಅದಕ್ಕೇ ಜಾಸ್ತಿ ಬೇಜಾರು. ಇನ್ನೊಂದು ಕಡೆ, ಪುಟ್ಟ ಮಗು ಇರುವಾಗ ಗೇಮ್ ಬೇಕು ಅನಿಸೋದೇ ತಪ್ಪಾ ಅಂತಲೂ ಯೋಚನೆ. ಈ ಹಂತ ದಾಟಿದವರು ಏನು ಆಡಿದಿರಿ, ಹೇಗೆ ಆಡಿದಿರಿ, ಹೇಳಿ.

ಎರಡು ಮಕ್ಕಳ ಅಪ್ಪ

ನನ್ನ ದೊಡ್ಡವಳಿಗೆ ಆರು ವರ್ಷ, ಚಿಕ್ಕವನಿಗೆ ಮೂರು. ಆ ಮೊದಲ ವರ್ಷದಲ್ಲಿ ನಾನೂ ಇದೇ ಜಾಗದಲ್ಲಿದ್ದೆ. ಆಗ ನಾನು ಆಟ ಆರಿಸುವ ರೀತಿಯನ್ನೇ ಬದಲಾಯಿಸಬೇಕಾಯಿತು. ಮೊದಲು ನೋಡುತ್ತಿದ್ದದ್ದು ಆಟ ಎಷ್ಟು ದೊಡ್ಡದು, ಹೇಗೆ ಕಾಣುತ್ತದೆ ಅಂತ. ಈಗ ನೋಡುವುದು ಒಂದೇ: ನಾನು ಯಾವ ಕ್ಷಣದಲ್ಲಿ ಎದ್ದು ಹೋಗಬಹುದು?

ಹೇಡೀಸ್ ನನ್ನನ್ನು ಕಾಪಾಡಿದ ಆಟ. 2020ರಲ್ಲಿ ಪೂರ್ತಿಯಾಗಿ ಬಿಡುಗಡೆಯಾಯಿತು. ಪಾತಾಳದಿಂದ ಹೊರಗೆ ಬರುವ ಒಂದು ಪ್ರಯತ್ನಕ್ಕೆ ಹೆಚ್ಚುಕಮ್ಮಿ ಅರ್ಧ ಗಂಟೆ. ನಡುವೆ ನಿಲ್ಲಿಸಿ ಹೊರಬಂದರೂ, ಮತ್ತೆ ತೆರೆದಾಗ ಅದೇ ಕೋಣೆಯ ಬಾಗಿಲಿಂದ ಶುರುವಾಗುತ್ತದೆ. ಸತ್ತರೂ ಕಥೆ ಮುಂದೆ ಹೋಗುತ್ತದೆ, ಮನೆಗೆ ಮರಳಿದಾಗ ಯಾರೋ ಒಬ್ಬರು ಹೊಸ ಮಾತು ಆಡುತ್ತಾರೆ. ಅಂದರೆ ಸೋತ ರಾತ್ರಿಯೂ ವ್ಯರ್ಥವಲ್ಲ. ಮಗು ಇರುವವರಿಗೆ ಇದರಷ್ಟು ಒಗ್ಗುವ ರಚನೆ ಇನ್ನೊಂದಿಲ್ಲ ಅಂತ ನನ್ನ ನಂಬಿಕೆ.

ಅದರಲ್ಲಿ ಗಾಡ್ ಮೋಡ್ ಅಂತ ಒಂದು ಆಯ್ಕೆ ಇದೆ. ಹೆಸರು ನೋಡಿ ಬೇಡ ಅನ್ನಬೇಡಿ. ಮೊದಲಿಗೆ ನಿಮಗೆ ಬೀಳುವ ಏಟು 20% ಕಡಿಮೆ ಆಗುತ್ತದೆ. ಪ್ರತಿ ಸಲ ಸತ್ತಾಗ ಇನ್ನೂ 2% ಕಡಿಮೆ, ಹೀಗೆ 80% ತನಕ. ಕಥೆಯಲ್ಲಿ ಏನೂ ಕಡಿತ ಇಲ್ಲ, ಯಾವಾಗ ಬೇಕಾದರೂ ತೆಗೆಯಬಹುದು. ನಿದ್ದೆಗೆಟ್ಟ ಕೈಗಳಿಗೆ ಇದು ದೊಡ್ಡ ಉಪಕಾರ. ಅದು ಮುಗಿದರೆ 2025ರ ಸೆಪ್ಟೆಂಬರ್‌ನಲ್ಲಿ ಪೂರ್ತಿಯಾಗಿ ಬಂದ ಹೇಡೀಸ್ 2 ಇದೆ. ನಾನು ಈಗ ಅದರಲ್ಲೇ ಇದ್ದೇನೆ.

ಎಲ್ಡನ್ ರಿಂಗ್ ಬಗ್ಗೆ ಒಂದು ಮಾತು. ಪಾಜ್ ಇಲ್ಲ ಅನ್ನೋದು ನಿಜ, ಆದರೆ ಒಂದು ದಾರಿ ಇದೆ. ಒಬ್ಬರೇ ಆಡುವಾಗ ಇನ್ವೆಂಟರಿ, ಅಂದರೆ ನಮ್ಮ ಹತ್ತಿರ ಇರುವ ಸಾಮಾನಿನ ಪಟ್ಟಿ, ತೆರೆದು, ಹೆಲ್ಪ್ ಬಟನ್ ಒತ್ತಿ, ಮೆನು ಎಕ್ಸ್‌ಪ್ಲನೇಶನ್ ಆರಿಸಿ. ಆ ವಿವರಣೆ ತೆರೆದಿರುವವರೆಗೆ ಆಟ ನಿಂತಿರುತ್ತದೆ. ಮೂರ್ನಾಲ್ಕು ಸಲ ಅಭ್ಯಾಸ ಮಾಡಿಕೊಳ್ಳಿ, ಬೆರಳಿಗೆ ಕೂತುಬಿಡುತ್ತದೆ. ಸಮಯ ಇದ್ದರೆ ಮೆನುವಿನಿಂದ ಆಟ ಬಿಟ್ಟು ಹೊರಬನ್ನಿ, ನಿಂತ ಜಾಗದಲ್ಲೇ ಸೇವ್ ಆಗುತ್ತದೆ. ಬಾಸ್, ಅಂದರೆ ದೊಡ್ಡ ಶತ್ರು, ಅದರ ಜೊತೆ ಹೊಡೆದಾಡುತ್ತಿದ್ದರೆ ಮಾತ್ರ ಅದರ ಜಾಗದ ಮಂಜಿನ ಬಾಗಿಲಿನ ಹೊರಗಿಂದ ಮತ್ತೆ ಶುರು.

ಮರೆತ ಕೈಗೆ ನಾನು ಮಾಡಿದ್ದು ಇಷ್ಟು. ಹಳೆಯ ಸೇವ್ ಮುಟ್ಟಲಿಲ್ಲ. ಹೊಸ ಪಾತ್ರ ಮಾಡಿ ಆಟದ ಶುರುವಿನ ಪ್ರದೇಶ ಲಿಮ್‌ಗ್ರೇವ್‌ನಲ್ಲಿ ಎರಡು ರಾತ್ರಿ ಸುಮ್ನೆ ಓಡಾಡಿದೆ, ಸಣ್ಣ ಸೈನಿಕರ ಜೊತೆ ಹೊಡೆದಾಡಿದೆ. ಮೂರನೇ ರಾತ್ರಿ ಹಳೆಯ ಪಾತ್ರಕ್ಕೆ ಮರಳಿದಾಗ ಕೈ ತಾನಾಗಿ ನಡೆಯಿತು. ನೇರವಾಗಿ ಶ್ಯಾಡೋ ಆಫ್ ದಿ ಎರ್ಡ್‌ಟ್ರೀಗೆ ಹೋದರೆ ಅದು ಯಾರನ್ನೂ ಕ್ಷಮಿಸುವುದಿಲ್ಲ.

ರಾತ್ರಿ ಪಾಳಿಯ ನರ್ಸ್

ನನಗೆ ಮಕ್ಕಳಿಲ್ಲ, ಆದರೆ ಸಮಯದ ಕಷ್ಟ ಗೊತ್ತು. ನಾನು ಹೇಳುವುದು ಏನು ಆಡಬಾರದು ಅನ್ನುವುದರ ಬಗ್ಗೆ.

ಒಂದು ಆನ್‌ಲೈನ್ ಗೇಮ್ ಮೂರು ವರ್ಷ ಆಡಿದೆ. ದಿನಾ ಲಾಗಿನ್ ಆದರೆ ಬಹುಮಾನ, ವಾರದ ಗುರಿ, ಸೀಸನ್ ಮುಗಿಯುವುದರೊಳಗೆ ಬ್ಯಾಟಲ್ ಪಾಸ್ ಅನ್ನುವ ಬಹುಮಾನಗಳ ಪಟ್ಟಿ ಮುಗಿಸಬೇಕು. ಒಂದು ದಿನ ಹನ್ನೆರಡು ಗಂಟೆ ಡ್ಯೂಟಿ ಮುಗಿಸಿ ಬಂದು, ಊಟ ಕೂಡ ಮಾಡದೆ, ಆ ದಿನದ ಮೂರು ಗುರಿ ಮುಗಿಸಲು ಕೂತಿದ್ದೆ. ಆಡುತ್ತಾ ಆಡುತ್ತಾ ಅಳು ಬಂತು. ಇಷ್ಟವಿಲ್ಲದ ಎರಡನೇ ಕೆಲಸ ಮಾಡುತ್ತಿದ್ದೇನೆ ಅಂತ ಆಗ ಹೊಳೆಯಿತು. ಮರುದಿನ ತೆಗೆದುಹಾಕಿದೆ. ಮೊದಲ ವಾರ ಏನೋ ಕಳೆದುಕೊಂಡ ಹಾಗೆ ಚಡಪಡಿಕೆ. ಎರಡನೇ ವಾರ ಅದರ ನೆನಪೂ ಬರಲಿಲ್ಲ.

ನಿಮ್ಮ ಮುಕ್ಕಾಲು ಗಂಟೆಗೆ ಬೇರೆಯವರ ಗಡಿಯಾರ ಕಟ್ಟಿಕೊಳ್ಳಬೇಡಿ. ಗೆಳೆಯರ ಜೊತೆ ಆಡಲೇಬೇಕು ಅನಿಸಿದರೆ ಹೆಲ್‌ಡೈವರ್ಸ್ 2 ನೋಡಿ. ಅದರಲ್ಲಿ ಬ್ಯಾಟಲ್ ಪಾಸ್ ಥರ ಇರುವ ವಾರ್‌ಬಾಂಡ್‌ಗಳಿಗೆ ಕೊನೆಯ ದಿನಾಂಕ ಇಲ್ಲ, ತಿಂಗಳು ಬಿಟ್ಟು ಬಂದರೂ ಅಲ್ಲೇ ಇರುತ್ತವೆ. ನಾನು ಎರಡು ವಾರಕ್ಕೊಮ್ಮೆ ಇಬ್ಬರು ಸಹೋದ್ಯೋಗಿಗಳ ಜೊತೆ ಆಡುತ್ತೇನೆ.

ಒಬ್ಬಳೇ ಇದ್ದಾಗ ಸ್ಟಾರ್‌ಡ್ಯೂ ವ್ಯಾಲಿ. ಅದರ ಒಂದು ದಿನ, ಬೆಳಗ್ಗೆ ಆರರಿಂದ ರಾತ್ರಿ ಎರಡರವರೆಗೆ, ನಮ್ಮ ಲೆಕ್ಕದಲ್ಲಿ ಸುಮಾರು 14 ನಿಮಿಷ. ಮೆನು ತೆರೆದರೆ ಕಾಲ ನಿಲ್ಲುತ್ತದೆ. ಒಂದೇ ತೊಡಕು, ಕಂಪ್ಯೂಟರ್‌ನಲ್ಲಿ ಆಡಿದರೆ ಆಟದ ಪಾತ್ರ ಮಲಗಿದ ಮೇಲೆಯೇ ಸೇವ್ ಆಗುವುದು. ನಡುವೆ ಮುಚ್ಚಿದರೆ ಆ ದಿನ ಹೋಯಿತು. ಆದರೂ ಹೋಗುವುದು ಕೆಲವೇ ನಿಮಿಷ. ಇಷ್ಟು ದೊಡ್ಡ ಆಟವನ್ನು ಒಬ್ಬರೇ ಕೂತು ಚಿತ್ರ, ಸಂಗೀತ, ಕೋಡ್ ಎಲ್ಲ ಸೇರಿಸಿ ಮಾಡಿ 2016ರಲ್ಲಿ ಹೊರತಂದರು ಅನ್ನೋದು ನನಗೆ ಇವತ್ತಿಗೂ ಬೆರಗು.

ತಪ್ಪಾ ಅಂತ ಕೇಳಿದ್ದೀರಿ. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿ ಐಸಿಡಿ-11ರಲ್ಲಿ ಗೇಮಿಂಗ್ ಡಿಸಾರ್ಡರ್ ಅನ್ನುವುದು ಇದೆ, 2022ರ ಜನವರಿಯಿಂದ ಜಾರಿಯಲ್ಲಿದೆ. ಅಲ್ಲಿ ಹೇಳುವುದು ಆಟದ ಮೇಲೆ ಹಿಡಿತ ತಪ್ಪುವುದು, ಬದುಕಿನ ಬೇರೆಲ್ಲದಕ್ಕಿಂತ ಆಟವೇ ಮುಂದೆ ಬರುವುದು, ಹಾನಿ ಆಗುತ್ತಿದ್ದರೂ ಬಿಡಲಾಗದಿರುವುದು. ಅದೂ ಸಾಮಾನ್ಯವಾಗಿ 12 ತಿಂಗಳಷ್ಟು ಕಾಲ ಕಾಣಬೇಕು. ಮಗು ಅತ್ತ ಕೂಡಲೇ ಕಂಟ್ರೋಲರ್ ಎಸೆದು ಓಡಿದವರು ನೀವು. ಆ ಹೆದರಿಕೆ ಬಿಟ್ಟುಬಿಡಿ. ನನಗೆ ನಿಮ್ಮ ನಿದ್ದೆಯ ಬಗ್ಗೆ ಮಾತ್ರ ಚಿಂತೆ. ಎಷ್ಟು ಹೊತ್ತು ಮಲಗುತ್ತಿದ್ದೀರಿ? ಅದನ್ನು ನೀವು ಬರೆದೇ ಇಲ್ಲ.

ದೊಡ್ಡ ಕಥೆಗಳನ್ನು ಬಿಡಲಾಗದವನು

ಚಿಕ್ಕ ಚಿಕ್ಕ ಆಟಗಳಿಗೆ ಇಳಿದುಬಿಡಿ ಅನ್ನುವ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಎಕ್ಸ್‌ಪೆಡಿಶನ್ 33ರ ಶುರುವಿನಲ್ಲೇ ನಿಮಗೆ ಕಣ್ಣೀರು ಬಂದಿದೆ ಅಂದರೆ ಅದು ನಿಮ್ಮ ಆಟ. ಬಿಡಬೇಡಿ. ಹೊಸ ಸ್ಟುಡಿಯೋವೊಂದರ ಮೊದಲ ಆಟ ಅದು, 2025ರ ದಿ ಗೇಮ್ ಅವಾರ್ಡ್ಸ್‌ನಲ್ಲಿ ವರ್ಷದ ಆಟ ಅಂತ ಗೆದ್ದಿದ್ದು ಸುಮ್ನೆ ಅಲ್ಲ.

ಲೆಕ್ಕ ಹಾಕೋಣ. ಮುಖ್ಯ ಕಥೆ ಸುಮಾರು 30 ಗಂಟೆ. ನಿಮಗೆ ವಾರಕ್ಕೆ ನಾಲ್ಕು ದಿನ ಮುಕ್ಕಾಲು ಗಂಟೆ, ಅಂದರೆ ಮೂರು ಗಂಟೆ. ಹತ್ತು ವಾರ. ಒಂದು ದಪ್ಪ ಕಾದಂಬರಿಯನ್ನು ರಾತ್ರಿ ಇಷ್ಟಿಷ್ಟೇ ಓದಿದರೆ ಅಷ್ಟು ದಿನ ಹಿಡಿಯುತ್ತದೆ, ಅದಕ್ಕೆ ಯಾರೂ ಬೇಸರ ಪಡುವುದಿಲ್ಲವಲ್ಲ.

ಹೊಡೆದಾಟ ಸರದಿಯ ಮೇಲೆ ನಡೆಯುತ್ತದೆ. ನಿಮ್ಮ ಸರದಿಯಲ್ಲಿ ಎಷ್ಟು ಹೊತ್ತು ಬೇಕಾದರೂ ಕಾಯುತ್ತದೆ. ಶತ್ರು ಹೊಡೆಯುವಾಗ ಮಾತ್ರ ಸಮಯ ನೋಡಿ ಬಟನ್ ಒತ್ತಬೇಕು. ಏಟನ್ನು ತಡೆಯುವ ಪ್ಯಾರಿ ಕಷ್ಟ, ಪಕ್ಕಕ್ಕೆ ಸರಿದು ತಪ್ಪಿಸಿಕೊಳ್ಳುವ ಡಾಡ್ಜ್‌ಗೆ ಸ್ವಲ್ಪ ಜಾಸ್ತಿ ಸಮಯ ಸಿಗುತ್ತದೆ. ಹಾಗಾಗಿ ಹೊಸ ಶತ್ರು ಬಂದರೆ ಮೊದಲು ಡಾಡ್ಜ್ ಮಾಡಿ ಲಯ ಹಿಡಿಯಿರಿ. ಕಷ್ಟದ ಮಟ್ಟವನ್ನು ಸ್ಟೋರಿಗೆ ಇಳಿಸಬಹುದು. ನಮ್ಮ ದಾಳಿಯ ವೇಳೆ ಬರುವ ಬಟನ್ ಒತ್ತುವಿಕೆಯನ್ನು ತಾನಾಗಿ ನಡೆಯುವಂತೆ ಮಾಡುವ ಆಯ್ಕೆಯೂ ಸೆಟ್ಟಿಂಗ್‌ನಲ್ಲಿದೆ.

ಮುಖ್ಯವಾದದ್ದು ಇನ್ನೊಂದು. ಟಿವಿ ಪಕ್ಕ ಒಂದು ನೋಟ್‌ಬುಕ್ ಇಡಿ. ನಿಲ್ಲಿಸುವ ಮುಂಚೆ ಒಂದೇ ಸಾಲು ಬರೆಯಿರಿ: ಎಲ್ಲಿ ನಿಂತಿದ್ದೇನೆ, ಮುಂದೆ ಏನು ಮಾಡಬೇಕು ಅಂದುಕೊಂಡಿದ್ದೆ. ಎರಡನೆಯದು ಜಾಸ್ತಿ ಮುಖ್ಯ. ಆಟದ ಮ್ಯಾಪ್ ನಾವು ಎಲ್ಲಿದ್ದೇವೆ ಅಂತ ಹೇಳುತ್ತದೆ, ಯಾಕೆ ಅಲ್ಲಿಗೆ ಹೋಗಿದ್ದೆವು ಅಂತ ಹೇಳುವುದಿಲ್ಲ. ಬ್ಲೂ ಪ್ರಿನ್ಸ್ ಅನ್ನುವ ಒಗಟಿನ ಆಟ ಆಡಿದಾಗಿನಿಂದ ಈ ಅಭ್ಯಾಸ. ಕೋಣೆಗಳು ದಿನಾ ಬದಲಾಗುವ ಆ ಮನೆಯಲ್ಲಿ ನೋಟ್‌ಬುಕ್ ಇಲ್ಲದೆ ನಲವತ್ತಾರನೇ ಕೋಣೆ ಹುಡುಕೋದು ನನ್ನ ಕೈಯಲ್ಲಿ ಆಗುತ್ತಿರಲಿಲ್ಲ.

ಇನ್ನೊಬ್ಬರು, ಚುಟುಕಾಗಿ

ಕಂಪ್ಯೂಟರ್ ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ಕೊಂಡು 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ಹಣ ವಾಪಸ್ ಕೇಳಬಹುದು. ನಿಮ್ಮ ಲೆಕ್ಕದಲ್ಲಿ ಎರಡು ರಾತ್ರಿ ಆಡಿ ನೋಡಿ ತೀರ್ಮಾನಿಸಬಹುದು. ಬಿಡದ ಹಾಗೆ ಅಂಟಿಕೊಳ್ಳುವ ಬಲಾಟ್ರೋವನ್ನು ಮಾತ್ರ ರಾತ್ರಿ ಹನ್ನೊಂದರ ಮೇಲೆ ತೆರೆಯಬೇಡಿ. ಇಸ್ಪೀಟ್ ಎಲೆ, ಜೋಕರ್‌ಗಳು, ಒಂದು ಕೈ ಎರಡು ನಿಮಿಷ ಅಂತ ಶುರುವಾಗುತ್ತದೆ, ಆಮೇಲೆ ನೋಡಿದರೆ ಗಡಿಯಾರ ರಾತ್ರಿ ಒಂದು ಗಂಟೆ ತೋರಿಸುತ್ತದೆ.

ಗೇಮ್ ಆಡದವರನ್ನು ಮದುವೆಯಾದವಳು

ನಿಮ್ಮ ಗಂಡ ಆಡುತ್ತಾರಾ? ನನ್ನವರು ಆಡುತ್ತಿರಲಿಲ್ಲ. ನಾನು ಆ ಮುಕ್ಕಾಲು ಗಂಟೆ ತೆಗೆದುಕೊಂಡರೆ ಅವರು ಇನ್ನೊಂದು ಕೋಣೆಯಲ್ಲಿ ಒಬ್ಬರೇ. ಅದು ನನಗೆ ಚುಚ್ಚುತ್ತಿತ್ತು.

ಇಟ್ ಟೇಕ್ಸ್ ಟೂ ಹಾಕಿದೆವು. 2021ರ ಆಟ, ಇಬ್ಬರೇ ಆಡಬೇಕು, ಒಬ್ಬರಿಗೆ ಆಗುವುದೇ ಇಲ್ಲ. ಬೇರೆಯಾಗಲು ಹೊರಟ ಗಂಡ ಹೆಂಡತಿ ಬೊಂಬೆಗಳಾಗಿ ಬಿಡುವ ಕಥೆ. ಮೊದಲ ವಾರ ನಿಜವಾಗಿ ಕಷ್ಟವಾಯಿತು. ಗೇಮ್ ಆಡಿ ಅಭ್ಯಾಸ ಇಲ್ಲದವರಿಗೆ ಕಂಟ್ರೋಲರ್‌ನ ಒಂದು ಪುಟ್ಟ ಕೋಲಿನಲ್ಲಿ ನಡೆಯುವುದು, ಇನ್ನೊಂದರಲ್ಲಿ ಕ್ಯಾಮೆರಾ ತಿರುಗಿಸುವುದು, ಎರಡೂ ಒಟ್ಟಿಗೆ ಬರುವುದಿಲ್ಲ. ನಮಗೆ ಅದು ಸಹಜ ಅನಿಸುವುದರಿಂದ ತಾಳ್ಮೆ ತಪ್ಪುತ್ತೇವೆ. ನಾನು ತಪ್ಪಿದೆ, ಒಂದು ದಿನ ಗದರಿದೆ. ಆಮೇಲೆ ಕ್ಷಮೆ ಕೇಳಿ, ದಾರಿ ತೋರಿಸದೆ ಪಕ್ಕದಲ್ಲಿ ನಿಂತು ಕಾಯುವುದನ್ನು ಕಲಿತೆ. ಬಿದ್ದರೆ ಹೆಚ್ಚು ದಂಡ ಇಲ್ಲದ ಆಟ, ಅದಕ್ಕೆ ಬಚಾವ್. ಈಗ ಅದೇ ಸ್ಟುಡಿಯೋದ ಸ್ಪ್ಲಿಟ್ ಫಿಕ್ಷನ್ ನಡೆಯುತ್ತಿದೆ, 2025ರ ಮಾರ್ಚ್‌ನಲ್ಲಿ ಬಂದದ್ದು. ಕ್ಯಾಮೆರಾ ಈಗ ಅವರ ಕೈಯಲ್ಲಿ ತಾನಾಗಿ ತಿರುಗುತ್ತದೆ. ದೂರದಲ್ಲಿರುವ ಗೆಳತಿಯ ಜೊತೆ ಆಡುವುದಾದರೆ ಒಬ್ಬರು ಕೊಂಡರೆ ಸಾಕು, ಇನ್ನೊಬ್ಬರು ಫ್ರೆಂಡ್ಸ್ ಪಾಸ್‌ನಲ್ಲಿ ಸೇರಬಹುದು.

ಕೇಳಿದವಳು, ಒಂದು ತಿಂಗಳ ನಂತರ

ಎಲ್ಲರಿಗೂ ಮನಸಾರೆ ಧನ್ಯವಾದ. ಏನಾಯಿತು ಅಂತ ಹೇಳದೆ ಹೋಗಬಾರದು ಅನಿಸಿತು.

ಮೊದಲ ವಾರ ಹೇಡೀಸ್. ಗಾಡ್ ಮೋಡ್ ಹಾಕಿಕೊಂಡೇ ಆಡಿದೆ. ಎಲ್ಡನ್ ರಿಂಗ್ ಆಡಿದವಳಿಗೆ ಅದು ಸ್ವಲ್ಪ ಕಷ್ಟವಾಯಿತು, ಮನಸ್ಸಿಗೆ. ಎರಡು ದಿನದಲ್ಲಿ ಸರಿಹೋಯಿತು. ಎರಡನೇ ವಾರ ಮಗುವಿಗೆ ಜ್ವರ. ಕನ್ಸೋಲ್ ಮುಟ್ಟಲಿಲ್ಲ, ಮುಟ್ಟಬೇಕು ಅಂತಲೂ ಅನಿಸಲಿಲ್ಲ. ಜ್ವರ ಇಳಿದ ರಾತ್ರಿ ಗಂಡ, ‘ನೀನು ಹೋಗಿ ಸ್ವಲ್ಪ ಆಡು, ನಾನು ಎತ್ತಿಕೊಂಡಿರ್ತೀನಿ’ ಅಂದರು. ಅವತ್ತು ಎಕ್ಸ್‌ಪೆಡಿಶನ್ 33 ತೆರೆದೆ. ಎರಡು ವಾರಕ್ಕೆ ಅಂದುಕೊಂಡಷ್ಟು ದೂರ ಹೋಗಿಲ್ಲ, ಎರಡನೇ ದೊಡ್ಡ ಪ್ರದೇಶದಲ್ಲಿದ್ದೇನೆ. ನೋಟ್‌ಬುಕ್ ಇಟ್ಟಿದ್ದೇನೆ. ನೀವು ಹೇಳಿದ್ದು ನಿಜ, ಮುಂದೆ ಏನು ಮಾಡಬೇಕು ಅನ್ನುವ ಆ ಅರ್ಧ ಸಾಲೇ ಮರುದಿನ ನನ್ನನ್ನು ಕೂರಿಸುತ್ತದೆ. ಫೋನ್ ಈಗ ಅಡುಗೆಮನೆಯಲ್ಲಿ ಚಾರ್ಜ್‌ಗೆ ಇರುತ್ತದೆ.

ಎಲ್ಡನ್ ರಿಂಗ್‌ನ ಆ ಮೆನು ಉಪಾಯ ಕೆಲಸ ಮಾಡಿತು. ಒಂದು ಕರಡಿ ನನ್ನ ಮೇಲೆ ಎರಗುವ ಹೊತ್ತಿಗೆ ಮಗು ಎದ್ದಿತು. ಇಪ್ಪತ್ತು ನಿಮಿಷ ಬಿಟ್ಟು ಬಂದಾಗ ಕರಡಿ ಹಾಗೇ ಗಾಳಿಯಲ್ಲಿ ನಿಂತಿತ್ತು. ಎಷ್ಟು ಖುಷಿಯಾಯಿತು ಅಂದರೆ ಗಂಡನನ್ನು ಕರೆದು ತೋರಿಸಿದೆ. ‘ಇದನ್ನ ಇಬ್ಬರು ಆಡಬಹುದಾ?’ ಅಂತ ಕೇಳಿದರು. ಇದಲ್ಲ, ಬೇರೆ ಇದೆ ಅಂದೆ. ಶನಿವಾರ ಇಟ್ ಟೇಕ್ಸ್ ಟೂ ಶುರು ಮಾಡುತ್ತಿದ್ದೇವೆ. ಗದರಬಾರದು ಅಂತ ನೋಟ್‌ಬುಕ್‌ನ ಮೊದಲ ಪುಟದಲ್ಲೇ ಬರೆದುಕೊಂಡಿದ್ದೇನೆ.

ನಿದ್ದೆ ಕೇಳಿದಿರಲ್ಲ ಸಿಸ್ಟರ್, ಆಗ ಐದು ಗಂಟೆಯೂ ಆಗುತ್ತಿರಲಿಲ್ಲ. ಈಗ ಸೋಮವಾರ ಮತ್ತು ಗುರುವಾರ ಆಟ ಇಲ್ಲ, ಮಗುವಿನ ಜೊತೆಗೇ ಮಲಗುತ್ತೇನೆ. ಆ ಎರಡು ದಿನ ಆರೂವರೆ ಗಂಟೆ ಸಿಗುತ್ತಿದೆ.