ಓವನ್ ಇಲ್ಲದೆ ಚಿಕನ್ ಪಾಸ್ತಾ ಕ್ಯಾಸರೋಲ್ ಆಗುತ್ತಾ?

ಚಿಂತಾಮಣಿಯಿಂದ ಕೇಳುತ್ತಿದ್ದೇನೆ. ಮಳೆ ಹಿಡಿದು ಕೂತಿದೆ, ಬಿಸಿಬಿಸಿ ಚಿಕನ್ ಪಾಸ್ತಾ ಕ್ಯಾಸರೋಲ್ (ಪಾಸ್ತಾ, ಕೋಳಿ, ಬಿಳಿ ಸಾಸ್, ಚೀಸ್ ಸೇರಿಸಿ ಓವನ್ನಿನಲ್ಲಿ ಬೇಯಿಸೋ ತಿನಿಸು) ತಿನ್ನೋ ಆಸೆ. ಅದಕ್ಕೆ ಹಾಕುವ, ಕಂದು ಬಣ್ಣ ಬರೋವರೆಗೆ ಬಾಡಿಸಿದ ಸಿಹಿ ಈರುಳ್ಳಿಗೆ ಸಕ್ಕರೆ ಬೇಕಾ? ಮನೆಯಲ್ಲಿ ಸಣ್ಣ ಗುಲಾಬಿ ಈರುಳ್ಳಿ ರಾಶಿ ಇದೆ, ನಡೆಯುತ್ತಾ?

ಉತ್ತರ 1:
ಸಕ್ಕರೆ ಬೇಡವೇ ಬೇಡ, ಈರುಳ್ಳಿಯಲ್ಲಿರೋದೇ ಸಾಕು. ನಾಲ್ಕು ದೊಡ್ಡ ಈರುಳ್ಳಿ ಉದ್ದುದ್ದ ಹೆಚ್ಚಿ, ಬೆಣ್ಣೆ, ಚಿಟಿಕೆ ಉಪ್ಪು ಹಾಕಿ ಸಣ್ಣ ಉರಿಯಲ್ಲಿ 40 ನಿಮಿಷ ಬಾಡಿಸಿ. ತಳ ಹಿಡಿಯೋಕೆ ಶುರುವಾದರೆ ಎರಡು ಚಮಚ ನೀರು ಚಿಮುಕಿಸಿ ಸೌಟಿನಲ್ಲಿ ಕೆರೆಯಿರಿ, ರುಚಿಯೆಲ್ಲ ಆ ತಳದಲ್ಲೇ ಇರೋದು. ಬಿರಿಯಾನಿ ಈರುಳ್ಳಿ ಥರ ಗರಿಗರಿ ಆಗಬಾರದು, ಮೆತ್ತಗೆ ಅಂಟಂಟಾಗಿರಬೇಕು.

ಉತ್ತರ 2:
ಗುಲಾಬಿ ಈರುಳ್ಳಿ ಸುಲಿಯುವಷ್ಟರಲ್ಲಿ ಸಂಜೆ ಆಗುತ್ತೆ ಮಾರಾಯ್ರೆ! ಘಾಟೂ ಜಾಸ್ತಿ, ಬೆಂದ ಮೇಲೆ ಇಳಿಯುತ್ತೆ ಬಿಡಿ. ಆದರೂ ಅದನ್ನ ಸಾಂಬಾರಿಗೇ ಇಟ್ಟುಕೊಳ್ಳಿ.

ಉತ್ತರ 3:
ಓವನ್ ಇಲ್ಲದಿದ್ದರೂ ಆಗುತ್ತೆ. ಎರಡು ದೊಡ್ಡ ಚಮಚ ಬೆಣ್ಣೆಯಲ್ಲಿ ಅಷ್ಟೇ ಮೈದಾ ಹುರಿದು, ಅರ್ಧ ಲೀಟರ್ ಹಾಲು ಸ್ವಲ್ಪಸ್ವಲ್ಪವೇ ಹಾಕುತ್ತಾ ಗಂಟಾಗದ ಹಾಗೆ ತಿರುವಿ. ಪಾಸ್ತಾ ಪೂರ್ತಿ ಬೇಯೋಕೆ ಎರಡು ನಿಮಿಷ ಮುಂಚೆಯೇ ಬಸಿಯಿರಿ, ಇಲ್ಲಾಂದ್ರೆ ಆಮೇಲೆ ಮುದ್ದೆ. ಬೆಂದ ಕೋಳಿ, ಈರುಳ್ಳಿ, ಕರಿಮೆಣಸು ಎಲ್ಲ ಬೆರೆಸಿ ದಪ್ಪ ತಳದ ಪಾತ್ರೆಗೆ ಹಾಕಿ, ಮೇಲೆ ಚೀಸ್ ತುರಿದು ಮುಚ್ಚಿ. ಕೆಳಗೆ ಹಳೇ ದೋಸೆ ಕಾವಲಿ ಇಟ್ಟು ಸಣ್ಣ ಉರಿಯಲ್ಲಿ 20 ನಿಮಿಷ. ಮೇಲ್ಭಾಗ ಓವನ್ನಿನ ಹಾಗೆ ಕೆಂಪಗಾಗಲ್ಲ, ಅದಕ್ಕೆ ಬ್ರೆಡ್ ಪುಡಿಯನ್ನ ತುಪ್ಪದಲ್ಲಿ ಹುರಿದು ಉದುರಿಸಿ.

ಉತ್ತರ 4:
ನಾಟಿ ಕೋಳಿ ಆದ್ರೆ ಮೊದಲೇ ಕುಕ್ಕರಿನಲ್ಲಿ ಚೆನ್ನಾಗಿ ಬೇಯಿಸಿ. ಆ ನೀರು ಚೆಲ್ಲಬೇಡಿ, ಒಂದು ಲೋಟ ಹಾಲು ಕಮ್ಮಿ ಮಾಡಿ ಅದನ್ನೇ ಹಾಕಿ.