ಸೆಕೆಂಡ್ ಹ್ಯಾಂಡ್ ಹೈಲಕ್ಸ್ ಬ್ಲ್ಯಾಕ್ ಎಡಿಷನ್‌ಗೆ ಹೆಚ್ಚಿನ ಹಣ ಕೊಡಬಹುದೇ?

ಪ್ರಶ್ನೆ (ಟೊಮೆಟೊ ಬೆಳೆಗಾರರು, ಕೋಲಾರ ತಾಲ್ಲೂಕು):
ಸರ್, ನಮಸ್ಕಾರ. ತೋಟಕ್ಕೂ ಮನೆಗೂ ಒಂದೇ ಗಾಡಿ ಸಾಕೆಂದು ಟೊಯೋಟಾ ಹೈಲಕ್ಸ್ ಪಿಕಪ್ ಹುಡುಕುತ್ತಿದ್ದೇವೆ. ಹೊಸೂರಿನಲ್ಲಿ ತಮಿಳುನಾಡು ನೋಂದಣಿಯ ಗಾಡಿಯೊಂದು ಮಾರಾಟಕ್ಕಿದೆ. ಅದು ಬ್ಲ್ಯಾಕ್ ಎಡಿಷನ್ ಎಂದೂ, ಇಂಜಿನ್ ಟ್ಯೂನಿಂಗ್ ಮಾಡಿಸಿ ಶಕ್ತಿ ಹೆಚ್ಚಿಸಿದ್ದೇವೆ ಎಂದೂ ಹೇಳಿ ಮಾಮೂಲಿ ಹೈಲಕ್ಸ್‌ಗಿಂತ ಎರಡು ಲಕ್ಷ ಹೆಚ್ಚು ಕೇಳುತ್ತಿದ್ದಾರೆ. ಮುಂದೆ ಕಬ್ಬಿಣದ ಬುಲ್ ಬಾರ್ ಕೂಡ ಇದೆ. ಅಷ್ಟು ಕೊಡಬಹುದೇ? ನೋಡಲು ಹೋದಾಗ ಏನನ್ನು ಪರೀಕ್ಷಿಸಬೇಕು?

ಉತ್ತರ (ಡೀಸೆಲ್ ಮೆಕ್ಯಾನಿಕ್, ಕೋಲಾರ):
ನಮಸ್ಕಾರ. ಆ ಹೆಸರಿಗಾಗಿ ಒಂದು ರೂಪಾಯಿಯನ್ನೂ ಹೆಚ್ಚಿಗೆ ಕೊಡಬೇಡಿ. ಬ್ಲ್ಯಾಕ್ ಎಡಿಷನ್ 2025ರ ಮಾರ್ಚ್‌ನಲ್ಲಿ ಬಿಡುಗಡೆಯಾದಾಗ ಅದರ ಎಕ್ಸ್ ಶೋರೂಂ ಬೆಲೆ 37.90 ಲಕ್ಷ ರೂಪಾಯಿ ಇತ್ತು. ಹೈಲಕ್ಸ್‌ನ ಮಾಮೂಲಿ ‘ಹೈ’ ಎಂಬ ಮಾದರಿಯ ಆಟೋಮ್ಯಾಟಿಕ್ ಗಾಡಿಯ ಬೆಲೆಯೂ ಆಗ ಅಷ್ಟೇ ಇತ್ತು. ಗ್ರಿಲ್, ಅಲಾಯ್ ಚಕ್ರ, ಕನ್ನಡಿಗಳ ಹೊದಿಕೆ ಇಂಥವು ಕಪ್ಪಾದವೇ ಹೊರತು ಇಂಜಿನ್ ಬದಲಾಗಲಿಲ್ಲ, ಅದೇ 2.8 ಲೀಟರ್ ಡೀಸೆಲ್, 204 ಪಿಎಸ್ ಶಕ್ತಿ, 500 ಎನ್‌ಎಂ ಟಾರ್ಕ್. ಈ ಎಡಿಷನ್ ಆಟೋಮ್ಯಾಟಿಕ್ ಗೇರಿನಲ್ಲಿ ಮಾತ್ರ ಬಂದದ್ದು. ಆದ್ದರಿಂದ ಮ್ಯಾನುಯಲ್ ಗೇರ್ ಇದ್ದರೆ, ಇಲ್ಲವೇ ಆರ್‌ಸಿಯಲ್ಲಿ ತಯಾರಿಕೆಯ ವರ್ಷ 2023 ಎಂದಿದ್ದರೆ, ಅದು ಹೊರಗಿನ ಅಂಗಡಿಯಲ್ಲಿ ಕಪ್ಪು ಮಾಡಿಸಿದ ಗಾಡಿ ಎಂದು ತಿಳಿಯಿರಿ.

ಟ್ಯೂನಿಂಗ್ ವಿಷಯಕ್ಕೆ ಬಂದರೆ, ನನ್ನ ದೃಷ್ಟಿಯಲ್ಲಿ ಅದು ಬೆಲೆ ಏರಿಸುವ ಗುಣವಲ್ಲ, ಇಳಿಸುವ ದೋಷ. ಕಂಪನಿ ಮೂರು ವರ್ಷ ಅಥವಾ ಒಂದು ಲಕ್ಷ ಕಿಲೋಮೀಟರ್ ವಾರಂಟಿ ಕೊಡುತ್ತದೆ. ಟ್ಯೂನಿಂಗ್‌ಗಾಗಿ ಇಂಜಿನ್ ಸಾಫ್ಟ್‌ವೇರ್ ಮುಟ್ಟಿದ್ದರೆ ಇಂಜಿನ್, ಗೇರ್‌ಬಾಕ್ಸ್ ಕೆಟ್ಟಾಗ ಆ ವಾರಂಟಿ ನಿಮ್ಮ ಕೈಗೆ ಸಿಗುವುದು ಕಷ್ಟ. ಟ್ಯೂನಿಂಗ್ ಮಾಡುವವರಲ್ಲಿ ಕೆಲವರು ಹೊಗೆಯ ಮಸಿಯನ್ನು ಹಿಡಿದಿಡುವ ಡಿಪಿಎಫ್ ಫಿಲ್ಟರನ್ನೇ ತೆಗೆದುಹಾಕುತ್ತಾರೆ. ಇಂಜಿನ್ ತಣ್ಣಗಿದ್ದಾಗ ಸೈಲೆನ್ಸರ್ ಕೊಳವೆಯ ಒಳಗೆ ಬೆರಳಾಡಿಸಿ ನೋಡಿ. ಫಿಲ್ಟರ್ ಸರಿಯಿರುವ ಬಿಎಸ್6 ಗಾಡಿಯಲ್ಲಿ ಬೆರಳಿಗೆ ಹೆಚ್ಚು ಮಸಿ ಹತ್ತುವುದಿಲ್ಲ. ಬೆರಳು ಕಪ್ಪಗೆ ಮೆತ್ತಿಕೊಂಡರೆ ಫಿಲ್ಟರ್ ಒಡೆದಿದೆ ಅಥವಾ ಇಲ್ಲವೇ ಇಲ್ಲ ಎಂಬ ಅನುಮಾನ ಬರಬೇಕು.

ಬೆಳಿಗ್ಗೆಯೇ ಹೋಗಿ, ನೀವು ತಲುಪುವ ಮೊದಲು ಸ್ಟಾರ್ಟ್ ಮಾಡಬೇಡಿ ಎಂದು ಮುಂಚೆಯೇ ಹೇಳಿಡಿ, ಏಕೆಂದರೆ ಬಿಸಿಯಾದ ಇಂಜಿನ್ ಅನೇಕ ದೋಷಗಳನ್ನು ಮುಚ್ಚಿಡುತ್ತದೆ. ಫೋರ್ ವೀಲ್ ಡ್ರೈವ್ ಪರೀಕ್ಷಿಸಲು ಮಣ್ಣಿನ ದಾರಿ ಹುಡುಕಿಕೊಳ್ಳಿ. ಒಣ ಟಾರು ರಸ್ತೆಯಲ್ಲಿ ಎಚ್4 (ನಾಲ್ಕೂ ಚಕ್ರ ಎಳೆಯುವ, ಮಾಮೂಲಿ ವೇಗದ ಸ್ಥಾನ) ಹಾಕಿ ತಿರುಗಿಸಿದರೆ ಗೇರುಗಳ ಮೇಲೆ ಅನವಶ್ಯಕ ಒತ್ತಡ ಬೀಳುತ್ತದೆ. ಎಲ್4ಗೆ, ಅಂದರೆ ಕಡಿಮೆ ವೇಗದಲ್ಲಿ ಹೆಚ್ಚು ಎಳೆಯುವ ಸ್ಥಾನಕ್ಕೆ, ಹಾಕಲು ಗಾಡಿ ನಿಲ್ಲಿಸಿ, ನ್ಯೂಟ್ರಲ್‌ಗೆ ತಂದು ಗುಂಡಿ ತಿರುಗಿಸಬೇಕು. ದೀಪ ಮಿನುಗಿ ಸ್ಥಿರವಾಗಬೇಕು, ಮಿನುಗುತ್ತಲೇ ಉಳಿದರೆ ರಿಪೇರಿ ಇದೆ. ಇನ್ನು ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ ಹಿಂದಿನಿಂದ ನೋಡಿ. ಒಂದು ಪಕ್ಕ ಕುಸಿದಿದ್ದರೆ ಹಿಂದಿನ ಪಟ್ಟಿಗಳು, ಅಂದರೆ ಲೀಫ್ ಸ್ಪ್ರಿಂಗ್‌ಗಳು, ಅತಿಭಾರ ಹೊತ್ತು ಸೋತಿವೆ. ಮುಂದಿನ ಚಾಸಿ ತುದಿಗಳನ್ನು ಮಾತ್ರ ಟಾರ್ಚ್ ಹಿಡಿದು ನಿಧಾನವಾಗಿ ನೋಡಲೇಬೇಕು; ಅಲ್ಲಿ ಹೊಸ ವೆಲ್ಡಿಂಗ್ ಅಥವಾ ಹೊಸ ಬಣ್ಣ ಕಂಡರೆ ಬೆಲೆ ಎಷ್ಟೇ ಕಡಿಮೆಯಾದರೂ ಹಿಂತಿರುಗಿ ಬನ್ನಿ.

ಬುಲ್ ಬಾರ್ ತೆಗೆಸಿಯೇ ತನ್ನಿ. ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲೇ ಅದರ ವಿರುದ್ಧ ಕ್ರಮ ಕೈಗೊಳ್ಳಲು ರಾಜ್ಯಗಳಿಗೆ ಸೂಚಿಸಿದೆ.

ಮತ್ತೊಬ್ಬ ಸದಸ್ಯರ ಪ್ರಶ್ನೆ (ಮುಳಬಾಗಿಲು):
ತಮಿಳುನಾಡು ನಂಬರಿನಲ್ಲೇ ಓಡಿಸಿಕೊಂಡಿರಬಹುದೇ ಸರ್? ನಮ್ಮ ಕಡೆ ಹಾಗೆ ಓಡಿಸುವವರು ಬಹಳ ಜನ ಇದ್ದಾರೆ.

ಉತ್ತರ:
ಓಡಿಸುವವರಿದ್ದಾರೆ ಎಂಬುದು ನಿಜ, ಆದರೆ ಅದು ಸರಿಯಲ್ಲ. ಗಾಡಿ 12 ತಿಂಗಳಿಗಿಂತ ಹೆಚ್ಚು ಕಾಲ ಬೇರೆ ರಾಜ್ಯದಲ್ಲಿದ್ದರೆ ಮೋಟಾರು ವಾಹನ ಕಾಯ್ದೆಯ 47ನೇ ಕಲಂ ಪ್ರಕಾರ ಅಲ್ಲಿ ಮರು ನೋಂದಣಿ ಆಗಬೇಕು. ಮಾರುವವರು ತಮ್ಮ ಆರ್‌ಟಿಒದಿಂದ ನಮೂನೆ 28ರ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ತರಲಿ. ಮಾಲೀಕತ್ವದ ವರ್ಗಾವಣೆಗೆ 29 ಮತ್ತು 30 ಬೇಕು. ಸಾಲವಿದ್ದರೆ ಬ್ಯಾಂಕಿನ ಎನ್‌ಒಸಿಯ ಜೊತೆ 35ನೆಯದೂ ಬೇಕು. ಇಲ್ಲಿ ಕೆಎ 07 ನಂಬರು ಪಡೆಯುವಾಗ ಕಟ್ಟಬೇಕಾದ ತೆರಿಗೆ ಸಣ್ಣ ಮೊತ್ತವಾಗಿರುವುದಿಲ್ಲ. ಆರ್‌ಸಿಯಲ್ಲಿ ಗಾಡಿಯ ವರ್ಗ ಏನೆಂದು ನಮೂದಾಗಿದೆ ಎಂಬುದನ್ನು ಕೋಲಾರದ ಆರ್‌ಟಿಒ ಕಚೇರಿಯಲ್ಲಿ ತೋರಿಸಿ, ತೆರಿಗೆಯ ಲೆಕ್ಕ ಹಾಕಿಸಿದ ಮೇಲೆಯೇ ಚೌಕಾಸಿಗೆ ಕುಳಿತುಕೊಳ್ಳಿ. ಖಾಸಗಿ ನೋಂದಣಿಯ ಗಾಡಿಯಲ್ಲಿ ಬೇರೆಯವರ ಟೊಮೆಟೊ ಬಾಕ್ಸ್‌ಗಳನ್ನು ಬಾಡಿಗೆಗೆ ಮಂಡಿಗೆ ಸಾಗಿಸಿದರೆ ಅಪಘಾತವಾದಾಗ ವಿಮೆಯವರು ತಕರಾರು ತೆಗೆಯುತ್ತಾರೆ.

ಮೊದಲ ಸದಸ್ಯರು:
ಧನ್ಯವಾದಗಳು ಸರ್. ಹಳೆಯ ಸಾಫ್ಟ್‌ವೇರ್ ವಾಪಸ್ ಹಾಕಿಸಿಕೊಡುತ್ತೇವೆ, ಈಗಲೇ ಐವತ್ತು ಸಾವಿರ ಮುಂಗಡ ಕೊಡಿ ಎನ್ನುತ್ತಿದ್ದಾರೆ.

ಉತ್ತರ:
ಮುಂಗಡ ಕೊಡಬೇಡಿ. ಸಾಫ್ಟ್‌ವೇರ್ ಬದಲಿಸಿದ ಮಾತ್ರಕ್ಕೆ ಅಷ್ಟು ದಿನ ಟರ್ಬೊ, ಗೇರ್‌ಬಾಕ್ಸ್ ಮೇಲೆ ಬಿದ್ದ ಹೊರೆ ಅಳಿಸಿಹೋಗುವುದಿಲ್ಲ. ಗಾಡಿಯನ್ನು ಟೊಯೋಟಾ ಸರ್ವಿಸ್ ಸೆಂಟರಿಗೆ ತರಲು ಹೇಳಿ. ಅಲ್ಲಿ ಚಾಸಿ ನಂಬರ್ ಕೊಟ್ಟರೆ ಹಿಂದಿನ ಸರ್ವಿಸ್‌ಗಳಲ್ಲಿ ದಾಖಲಾದ ಕಿಲೋಮೀಟರ್ ಈಗಿನ ಮೀಟರಿಗೆ ಹೊಂದುತ್ತದೆಯೇ ಎಂಬುದು ಗೊತ್ತಾಗುತ್ತದೆ, ಸ್ಕ್ಯಾನರ್ ಹಾಕಿಸಿ ಫಿಲ್ಟರ್ ಸ್ಥಿತಿಯನ್ನೂ ನೋಡಬಹುದು. ಅದರ ಖರ್ಚು ನೀವೇ ಕೊಡಿ. ತರಲು ಅವರು ಒಪ್ಪದಿದ್ದರೆ ಬೇರೆ ಗಾಡಿ ನೋಡೋಣ.